ಬಿಡಿಭಾಗಗಳಲ್ಲಿ ಅಡಗಿದ ತಯಾರಿಕಾ ದೋಷ: ಹಳೆಯ ಸೇನಾ ರೈಫಲಿನಿಂದ ಒಂದು ಪಾಠ

ತಯಾರಿಕಾ ದೋಷಗಳಲ್ಲಿ ಎರಡು ಬಗೆ. ಕಣ್ಣಿಗೆ ಕಾಣುವ ದೋಷವು ಆ ಒಂದು ಸರಕನ್ನು ಮಾತ್ರ ಕೆಡಿಸುತ್ತದೆ. ಕಾಣದ ದೋಷವು, ದಾಖಲೆಯೂ ಇಲ್ಲದ ಪಕ್ಷದಲ್ಲಿ, ಉತ್ತಮ ಸರಕನ್ನೂ ಸಂಶಯಕ್ಕೆ ಗುರಿಮಾಡುತ್ತದೆ. ಅಮೆರಿಕದ ಸೇನೆಯ 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲು ಇದಕ್ಕೆ ತಕ್ಕ ನಿದರ್ಶನ.

ನಡೆದ ಸಂಗತಿ

ರೈಫಲಿನ ನಳಿಗೆಯನ್ನೂ ಬೋಲ್ಟನ್ನೂ ಹಿಡಿದಿಡುವ ಭಾಗಕ್ಕೆ ರಿಸೀವರ್ ಎಂದು ಹೆಸರು. 1917ರಲ್ಲಿ ಇಂತಹ ಕೆಲವು ರಿಸೀವರುಗಳು ಗುಂಡು ಹಾರಿಸುವಾಗ ಒಡೆದುಹೋದವು. ಕಾರಣವನ್ನು ಶೋಧಿಸಿದಾಗ, ಅನುಭವಿ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ನೋಡಿಯೇ ಶಾಖವನ್ನು ನಿರ್ಣಯಿಸುತ್ತಿದ್ದುದು ತಿಳಿದುಬಂತು. ಪ್ರಖರ ಬಿಸಿಲಿನಲ್ಲಿ ಅದೇ ಬಣ್ಣ ಮಂಕಾಗಿ ಕಾಣುವುದರಿಂದ ಉಕ್ಕನ್ನು ಇನ್ನಷ್ಟು ಕಾಯಿಸಲಾಗುತ್ತಿತ್ತು. ಮೋಡದ ದಿನಕ್ಕೂ ಬಿಸಿಲಿನ ದಿನಕ್ಕೂ ಸುಮಾರು 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ವ್ಯತ್ಯಾಸವಿತ್ತು. ಅತಿಯಾಗಿ ಕಾದ ಉಕ್ಕು ಪೆಡಸಾಗುತ್ತದೆ.

ಆನಂತರ ಶಾಖಮಾಪಕಗಳನ್ನು ಅಳವಡಿಸಿ, ಹದಗೊಳಿಸುವ ವಿಧಾನವನ್ನೂ ಬದಲಿಸಲಾಯಿತು. ಆದರೆ ಅಷ್ಟರಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಸುಮಾರು 8,00,000 ಹಾಗೂ ರಾಕ್ ಐಲೆಂಡ್ ಕಾರ್ಖಾನೆಯಲ್ಲಿ ಸುಮಾರು 2,85,000 ಕ್ರಮಸಂಖ್ಯೆಗಳವರೆಗಿನ ರೈಫಲುಗಳು ತಯಾರಾಗಿದ್ದವು. ಅವುಗಳಲ್ಲಿ ಒಡೆದವು ಕೆಲವೇ. ಒಡೆದವೂ ಮೊದಲು ಅಧಿಕ ಒತ್ತಡದ ಪ್ರೂಫ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದವು. ಯಾವುದು ಕೆಟ್ಟ ಉಕ್ಕು ಎಂಬುದನ್ನು ಮುರಿಯದೆ ನಿಶ್ಚಯಿಸುವ ಮಾರ್ಗವಿಲ್ಲದೆ, ಹತ್ತು ಲಕ್ಷಕ್ಕೂ ಮೀರಿದ ರೈಫಲುಗಳು ಸಂಶಯಾಸ್ಪದವಾದವು.

ನಮ್ಮ ಕಾರ್ಯಾಗಾರಗಳಲ್ಲಿ

ಅಂಬಾಜಿದುರ್ಗ, ಚಿಂತಾಮಣಿ, ಗೌರಿಬಿದನೂರು ಕಡೆಯ ಸದಸ್ಯರು ತಯಾರಿಸುವುದು ನೇಗಿಲಿನ ಗುಳವಿರಲಿ, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಯಂತ್ರದ ಶಾಫ್ಟ್ ಇರಲಿ, ಕುಲುಮೆಯ ನಿಯಮ ಒಂದೇ. ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಶಾಖವನ್ನು ಮಾಪಕದಿಂದಲೇ ಅಳೆಯಬೇಕು.

2. ಮೇಲ್ಮೈಗೆ ತೆರೆದ ಬಿರುಕುಗಳನ್ನು ಬಣ್ಣದ ದ್ರವ ಹಚ್ಚಿ ನೋಡುವ ಪರೀಕ್ಷೆ ತೋರಿಸುತ್ತದೆ. ಕಬ್ಬಿಣ, ಉಕ್ಕುಗಳಲ್ಲಿ ಮೇಲ್ಮೈಗೆ ಸಮೀಪವಿರುವ ಬಿರುಕುಗಳನ್ನು ಕಾಂತೀಯ ಪುಡಿಯ ಪರೀಕ್ಷೆಯೂ ತೋರಿಸುತ್ತದೆ.

3. ಗಡಸುತನದ ಪರೀಕ್ಷೆಯೊಂದನ್ನೇ ನಂಬಬಾರದು. ಗಡಸಾದುದೆಲ್ಲ ಗಟ್ಟಿಯಲ್ಲ. ಪ್ರತಿ ತಂಡದಿಂದಲೂ ಒಂದು ಮಾದರಿಯನ್ನು ಮುರಿದು ಒಳಗಿನ ಕಣಗಳನ್ನು ಪರೀಕ್ಷಿಸಬೇಕು; ಒರಟು ಕಣಗಳು ಅತಿಶಾಖದ ಸೂಚನೆ.

4. ಪ್ರತಿ ಬಿಡಿಭಾಗದ ಮೇಲೂ ತಂಡದ ಸಂಖ್ಯೆಯನ್ನು ಒತ್ತಿ, ದಿನಾಂಕ, ಉಕ್ಕು ಬಂದ ಬಿಲ್ಲು, ಶಾಖ, ಕೆಲಸಗಾರ ಇವುಗಳನ್ನು ವಹಿಯಲ್ಲಿ ಬರೆದಿಡಬೇಕು.

ಲೆಕ್ಕಪತ್ರದ ದೃಷ್ಟಿಯಿಂದ

ಉದಾಹರಣೆಗೆ, ತಲಾ 200 ರೂಪಾಯಿಯ 500 ಬಿಡಿಭಾಗಗಳನ್ನು 50ರಂತೆ ಹತ್ತು ತಂಡಗಳಲ್ಲಿ ತಯಾರಿಸಿ ಮಾರಿದ್ದೀರಿ, ಒಂದು ಮುರಿಯಿತೆನ್ನೋಣ. ತಂಡದ ವಹಿಯಿದ್ದು, ದೋಷ ಆ ತಂಡದ್ದೇ ಎಂದು ಅದರಿಂದ ತಿಳಿದರೆ ಹಿಂದಕ್ಕೆ ಪಡೆಯಬೇಕಾದ ಸರಕಿನ ಬೆಲೆ 10,000 ರೂಪಾಯಿ. ವಹಿಯಿಲ್ಲದಿದ್ದರೆ 1,00,000 ರೂಪಾಯಿ. ಉಗ್ರಾಣದಲ್ಲಿ ಉಳಿದ ಸಂಶಯದ ದಾಸ್ತಾನನ್ನು ಲೆಕ್ಕಪತ್ರ ಮಾನದಂಡ 2ರಂತೆ, ತಯಾರಿಕಾ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಇಳಿಸಬೇಕಾಗುತ್ತದೆ. ವಾರಂಟಿಯ ಹೊಣೆಗೆ ಮಾನದಂಡ 29ರಂತೆ ಅವಕಾಶ ಕಲ್ಪಿಸಲು ನಂಬತಕ್ಕ ಅಂದಾಜು ಬೇಕು. ಆ ಅಂದಾಜಿಗೂ ಇದೇ ವಹಿ ಆಧಾರ.

ಶಾಖಮಾಪಕಕ್ಕೂ ವಹಿಗೂ ತಗಲುವ ಹಣವನ್ನು ಸದಸ್ಯರು ದಂಡದ ಖರ್ಚೆಂದು ಭಾವಿಸಬಾರದು. ನೂರು ಒಳ್ಳೆಯ ಸರಕುಗಳ ಹೆಸರನ್ನು ಒಂದು ಕೆಟ್ಟ ಸರಕಿನಿಂದ ಕಾಪಾಡುವ ವಿಮೆ ಅದು.