ತಲೆಗೆ ಎಣ್ಣೆ, ಕೈಗೆ ಸೀರಣಿಗೆ

ಅಕ್ಕಂದಿರೇ, ಇದು ಸೀತಾಫಲದ ಕಾಲದಲ್ಲಿ ನಡೆದ ಸಂಗತಿ. ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಬಂದರು. ಹುಡುಗಿಗೆ ಎಂಟು ವರ್ಷ. ಒಂದು ಕಣ್ಣು ಬಿಡಲು ಆಗುತ್ತಿರಲಿಲ್ಲ. ನೀರು ಸುರಿಯುತ್ತಿತ್ತು.

"ಏನಾಯ್ತಮ್ಮ?" ಎಂದು ಕೇಳಿದೆವು.

"ತಲೆ ತುಂಬ ಹೇನು, ಟೀಚರಮ್ಮ. ಸೀತಾಫಲದ ಬೀಜ ಅರೆದು ಹಚ್ಚಿದೆ. ತೊಳೆಯೋವಾಗ ಕಣ್ಣಿಗೆ ಇಳೀತು. ರಾತ್ರಿಯೆಲ್ಲ ಉರಿ ಉರಿ ಅಂತ ಅತ್ತಳು. ಗಿಡದ್ದು ತಾನೇ, ಏನೂ ಆಗಲ್ಲ ಅಂದ್ಕೊಂಡೆ."

ಪಾಠ ನಿಲ್ಲಿಸಿದೆವು. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣು ಉಳಿಯಿತು. ಆದರೆ ಹುಡುಗಿಗೆ ಹದಿನೈದು ದಿನ ಶಾಲೆ ತಪ್ಪಿತು.

ಸೀತಾಫಲದ ಬೀಜದಲ್ಲಿ ವಿಷ ಇದೆ. ಹೇನು ಸಾಯುವುದು ಆ ವಿಷದಿಂದಲೇ. ಅದು ಕಣ್ಣಿಗೆ ಬಿದ್ದರೆ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಹಾಗೆ ಬಿದ್ದರೆ ಕೂಡಲೇ ಶುದ್ಧ ನೀರಿನಿಂದ ಕಾಲು ಗಂಟೆ ಕಣ್ಣು ತೊಳೆಯಿರಿ. ಎಣ್ಣೆ, ಎದೆಹಾಲು ಯಾವುದನ್ನೂ ಬಿಡಬೇಡಿ. ಆಸ್ಪತ್ರೆಗೆ ಹೋಗಿ. ಸೀಮೆಎಣ್ಣೆ ಹಚ್ಚುವುದೂ ಬೇಡ. ಚರ್ಮ ಸುಡುತ್ತದೆ. ಒಲೆಯ ಹತ್ತಿರ ಹೋದರೆ ಬೆಂಕಿ ಹತ್ತುತ್ತದೆ. ಬೆಳೆಗೆ ಹೊಡೆಯುವ ಔಷಧಿಯನ್ನಂತೂ ತಲೆಗೆ ಮುಟ್ಟಿಸಲೇಬಾರದು.

ಹಾಗಾದರೆ ಹೇನಿಗೆ ಏನು ಮಾಡುವುದು?

ಮೊದಲು ಹೇನಿನ ಗುಣ ತಿಳಿಯೋಣ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದು ಬರುತ್ತದೆ. ಕೊಳಕರಿಗೆ ಮಾತ್ರ ಹೇನು ಎಂಬುದು ಸುಳ್ಳು. ಮಕ್ಕಳ ಜೊತೆ ಇರುವ ನಮ್ಮ ತಲೆಗೂ ಎಷ್ಟೋ ಸಲ ಹತ್ತಿದೆ! ಹೇನು ಕೂದಲಿನ ಬುಡದಲ್ಲಿ ಮೊಟ್ಟೆ ಇಡುತ್ತದೆ. ಅದೇ ಸೀರು. ಸೀರು ಕೂದಲಿಗೆ ಅಂಟಿಕೊಂಡಿರುತ್ತದೆ. ಏಳರಿಂದ ಹತ್ತು ದಿನಕ್ಕೆ ಒಡೆದು ಮರಿ ಬರುತ್ತದೆ. ಅದಕ್ಕೇ ಒಂದು ದಿನ ಬಾಚಿ ಬಿಟ್ಟರೆ ಸಾಲದು.

ತಲೆಗೆ ಚೆನ್ನಾಗಿ ಎಣ್ಣೆ ಹಚ್ಚಿ. ಎಣ್ಣೆಯಲ್ಲಿ ಹೇನು ಬೇಗ ಓಡಲಾರದು. ಹಣಿಗೆಯೂ ಸಲೀಸಾಗಿ ಜಾರುತ್ತದೆ. ಕೂದಲನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ, ಸೀರಣಿಗೆಯನ್ನು ಬುಡದಿಂದ ತುದಿಯವರೆಗೆ ಎಳೆಯಿರಿ. ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಎರಡು ಮೂರು ದಿನಕ್ಕೊಮ್ಮೆ ಹೀಗೆ ಮಾಡಬೇಕು. ಮೂರು ವಾರ ಬಿಡಬಾರದು. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ. ಗಂಡಸರ ತಲೆಯನ್ನೂ! ದಿಂಬಿನ ಬಟ್ಟೆ, ಟವೆಲ್ಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ತಲೆಯಲ್ಲಿ ಕೀವು ತುಂಬಿದ ಗಾಯ ಇದ್ದರೆ, ಇಷ್ಟು ಮಾಡಿದರೂ ಹೇನು ಹೋಗದಿದ್ದರೆ, ಆರೋಗ್ಯ ಕೇಂದ್ರದಲ್ಲಿ ಕೇಳಿ. ಹೇನಿಗೆಂದೇ ಹಚ್ಚುವ ಔಷಧಿ ಇದೆ.

ಎಣ್ಣೆಯನ್ನು ಮನೆಯಲ್ಲೇ ಕಾಯಿಸಬಹುದು. ಅರ್ಧ ಲೀಟರ್ ಕೊಬ್ಬರಿ ಎಣ್ಣೆ, ಎರಡು ಹಿಡಿ ಕರಿಬೇವು, ಒಂದು ಚಮಚ ಮೆಂತ್ಯ ಸಾಕು. ಗರುಗದ ಸೊಪ್ಪು ಸಿಕ್ಕರೆ ಅದನ್ನೂ ಒಂದು ಹಿಡಿ ಹಾಕಬಹುದು. ಸೊಪ್ಪನ್ನು ತೊಳೆದು ನೆರಳಲ್ಲಿ ಆರಿಸಿ. ನೀರಿನ ಪಸೆ ಉಳಿದರೆ ಎಣ್ಣೆ ಸಿಡಿಯುತ್ತದೆ, ಬೇಗ ಕಮಟಾಗುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿ. ಹೊಗೆ ಏಳಬಾರದು. ಸೊಪ್ಪು ಗರಿಗರಿಯಾದಾಗ ಇಳಿಸಿ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಒಣಗಿದ ಬಾಟಲಿಗೆ ತುಂಬಿ. ತಲೆ ತೊಳೆಯಲು ಸೀಗೆಪುಡಿ, ಅಂಟುವಾಳ ಇದ್ದೇ ಇದೆ. ಅವೂ ಕಣ್ಣಿಗೆ ಉರಿಯೇ. ಮಕ್ಕಳಿಗೆ ತಲೆ ಹಿಂದಕ್ಕೆ ಬಾಗಿಸಿ ನೀರು ಹಾಕಿ.

ಈ ಎಣ್ಣೆಯಿಂದ ಕೂದಲು ನುಣುಪಾಗುತ್ತದೆ, ತುಂಡಾಗುವುದು ಕಮ್ಮಿಯಾಗುತ್ತದೆ. ಮೊಣಕಾಲುದ್ದ ಜಡೆ ಬರುತ್ತದೆ ಎಂದು ನಾವು ಹೇಳುವುದಿಲ್ಲ. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೆ ಕೂದಲು ಉದುರುವುದುಂಟು. ಅದು ತಾನಾಗಿಯೇ ಮತ್ತೆ ಬರುತ್ತದೆ. ಸುಸ್ತೂ ಇದ್ದು ಕೂದಲೂ ಉದುರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ರಕ್ತ ಕಮ್ಮಿ ಇದ್ದರೆ ಯಾವ ಎಣ್ಣೆಯೂ ಸಾಲದು.

ಬೇವಿನ ಎಣ್ಣೆಯ ವಿಷಯ ಬೇರೆ. ಅದು ಹೊರಗೆ ಹಚ್ಚಲು ಮಾತ್ರ. ಹುಳ ಎಂದೋ ಶೀತ ಎಂದೋ ಕೂಸಿಗೆ ಒಳಲೆಯಲ್ಲಿ ಕುಡಿಸಬೇಡಿ. ವಾಂತಿಯಾಗಿ, ಮಂಪರು ಬಂದು, ಫಿಟ್ಸ್ ಬರಬಹುದು. ಕೂಸಿನ ಜೀವಕ್ಕೇ ಅಪಾಯ. ಕತ್ತಲಲ್ಲಿ, ಅವಸರದಲ್ಲಿ, ಎಲ್ಲ ಬಾಟಲಿಗಳೂ ಒಂದೇ ಥರ ಕಾಣುತ್ತವೆ. ಈಗ ನಿಮಗೆ ಬರೆಯಲು ಬರುತ್ತದಲ್ಲ!

ಬರೆಯಿರಿ:

ಈ ಚೀಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಟಲಿಗೆ ಅಂಟಿಸಿ.

ಬೇವಿನ ಎಣ್ಣೆ
ಹಚ್ಚಲು ಮಾತ್ರ
ಕುಡಿಸಬಾರದು

ನಿಮ್ಮ ಮನೆಯಲ್ಲಿ ಇನ್ನೂ ಯಾವ ಯಾವ ಬಾಟಲಿಗೆ ಚೀಟಿ ಬೇಕು? ಹೆಸರು ಬರೆದುಕೊಂಡು ನಾಳೆ ತರಗತಿಗೆ ತನ್ನಿ.