ಪರದೇಶದಲ್ಲಿ ಮನೆ ಕಟ್ಟಿದವರು

(ಮನೆಯಲ್ಲಿಯೂ ಕೂಟದಲ್ಲಿಯೂ ಓದಿ ವಿಚಾರಿಸತಕ್ಕ ಪಾಠ)



ನಮ್ಮ ಚಿಮ್ಮಡ, ಬನಹಟ್ಟಿ, ರಬಕವಿ ಕಡೆಯ ಜನರು ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಹೋಗುವದು ಹೊಸದಲ್ಲ. ಮಗ್ಗದ ಕೆಲಸದವರು ಇಚಲಕರಂಜಿಗೂ ಸೊಲ್ಲಾಪುರಕ್ಕೂ, ಕೂಲಿಯವರು ಗೋವೆಗೂ ಗುಳೆ ಹೋಗುವದುಂಟು. ಮರಾಠಿ ಮಾತಾಡುವ ಮನೆಯಿಂದ ಕನ್ನಡದ ಮನೆಗೆ ಸೊಸೆ ಬರುವದೂ ಉಂಟು. ಆದಕಾರಣ ಅನ್ಯ ನೆಲದಲ್ಲಿ ಬೇರೂರುವದು ಹೇಗೆ, ಅದರ ಬೆಲೆಯನ್ನು ತೆರುವವರು ಯಾರು ಎಂಬುವದು ನಮಗೆ ಸಂಬಂಧಪಟ್ಟ ಪ್ರಶ್ನೆಯೇ. ಇದನ್ನು ಎರಡು ದಂಪತಿಗಳ ಚರಿತ್ರೆಯಿಂದ ವಿಚಾರಿಸೋಣ.

1. ಕಲಿತ ಭಾಷೆ ಒಂದು, ಬೇಕಾದ ಭಾಷೆ ಇನ್ನೊಂದು

ಹೆರ್ಮನ್ ಗುಂಡರ್ಟ್ ಅಯ್ಯನವರು 1814ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಹುಟ್ಟಿದವರು. ಜೂಲಿ ದ್ಯುಬ್ವಾ ಅಮ್ಮನವರು 1809ರಲ್ಲಿ ಸ್ವಿಟ್ಸರ್ಲೆಂಡಿನ ಫ್ರೆಂಚ್ ಮಾತಾಡುವ ಸೀಮೆಯಲ್ಲಿ ಹುಟ್ಟಿದವರು. ಇಬ್ಬರೂ 1836ರಲ್ಲಿ ಆಂತೊನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಮಿಶನರಿಯವರ ತಂಡದಲ್ಲಿ ಹಡಗು ಹತ್ತಿದರು. ಸುಯೇಜ್ ಕಾಲುವೆಯು ತೆರೆದದ್ದು 1869ರಲ್ಲಿ. ಆದದರಿಂದ ಹಡಗು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಬರಬೇಕಾಗಿತ್ತು. ಪ್ರಯಾಣಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು.

ಕಲಕತ್ತೆಗೆ ಹೋಗುವೆವೆಂದೆಣಿಸಿ ಗುಂಡರ್ಟ್ ಅಯ್ಯನವರು ಬಂಗಾಳಿ, ಹಿಂದುಸ್ತಾನಿ, ತೆಲುಗು ಭಾಷೆಗಳನ್ನು ಅಭ್ಯಾಸಮಾಡಿದ್ದರು. ಆದರೆ ತಂಡವು ಮದ್ರಾಸಿನಲ್ಲಿಯೇ ಇಳಿದು ನಿಂತಿತು. ಅಲ್ಲಿ ಬೇಕಾದದ್ದು ತಮಿಳು. 1838ರಲ್ಲಿ ಚಿತ್ತೂರಿನಲ್ಲಿ ಅವರಿಬ್ಬರ ವಿವಾಹವಾಯಿತು. ಬಳಿಕ ಬಾಸೆಲ್ ಮಿಶನ್ನನ್ನು ಸೇರಿ ಮಂಗಳೂರಿಗೆ ಬಂದು, 1839ರಲ್ಲಿ ತಲಚೇರಿಯಲ್ಲಿ ನೆಲಸಿದರು. ಅಲ್ಲಿಯ ಭಾಷೆ ಮಲೆಯಾಳ! ಕಲಿತದ್ದು ವ್ಯರ್ಥವಾಯಿತೆಂದು ಅವರು ಕೈಕಟ್ಟಿ ಕೂಡ್ರಲಿಲ್ಲ. ಊರವರ ಬಾಯಿಂದಲೇ ಮಾತು ಕಲಿತು, 1851ರಲ್ಲಿ ಮಲೆಯಾಳ ವ್ಯಾಕರಣವನ್ನೂ 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ನಿಘಂಟನ್ನೂ ಕೊಟ್ಟರು. 1857ರಲ್ಲಿ ಮಲಬಾರು ಮತ್ತು ಕನ್ನಡ ಜಿಲ್ಲೆಗಳ ಶಾಲಾ ಪರೀಕ್ಷಕರಾದರು. ಹೊಸ ಊರು ನಮಗಾಗಿ ತನ್ನ ಭಾಷೆಯನ್ನು ಬಿಡುವದಿಲ್ಲ. ನಾವೇ ಅದನ್ನು ಕಲಿಯತಕ್ಕದ್ದು.

2. ಮನೆಯೊಳಗಿನ ಮಾತು

ಗಂಡನ ತಾಯಿನುಡಿ ಜರ್ಮನ್, ಹೆಂಡತಿಯದು ಫ್ರೆಂಚ್. ಇಬ್ಬರಿಗೂ ಪರಭಾಷೆಯಾದ ಇಂಗ್ಲಿಷೇ ಅವರ ನಡುವಿನ ಸಂಕವಾಯಿತು. ಒಬ್ಬರು ಗೆದ್ದು ಇನ್ನೊಬ್ಬರು ಸೋಲುವದಕ್ಕಿಂತ, ಇಬ್ಬರೂ ತಮ್ಮ ತಮ್ಮ ಅಂಗಳ ದಾಟಿ ನಡುಬೀದಿಯಲ್ಲಿ ಕೂಡುವದು ಲೇಸಲ್ಲವೇ? ಅಮ್ಮನವರು ಗಂಡನ ನೆರಳಿನಲ್ಲಿ ಸುಮ್ಮನೆ ಕುಳಿತವರೂ ಅಲ್ಲ. ತಲಚೇರಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ನಡಿಸಿದರು. ಊರ ಹುಡುಗಿಯರೊಡನೆ ದಿನ ಕಳೆದವರಿಗೆ ಊರು ಬಹುಕಾಲ ಪರವಾಗಿರಲಾರದು.

3. ಮಕ್ಕಳು ತೆತ್ತ ಬೆಲೆ

ಇಲ್ಲಿ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ಅವರ ಮಗಳಾದ ಮರಿಯಳು 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ಈ ದೇಶದ ಜ್ವರಭೇದಿಗಳಿಗೆ ಅಂಜಿಯೂ ವಿದ್ಯಾಭ್ಯಾಸಕ್ಕಾಗಿಯೂ ಮಿಶನರಿಗಳು ಮಕ್ಕಳನ್ನು ಯೂರೋಪಿನಲ್ಲಿ ಬಿಡುವದು ಆ ಕಾಲದ ರೂಢಿ. 1845ರ ಸುಮಾರಿಗೆ ಸ್ವದೇಶಕ್ಕೆ ಹೋದ ದಂಪತಿಗಳು ಹಿಂತಿರುಗುವಾಗ ಈ ಎಳೆಯ ಮಗುವನ್ನು ಅಲ್ಲಿಯೇ ಬಿಟ್ಟರು. ಆಕೆ ಪುನಃ ಹಿಂದುಸ್ತಾನಕ್ಕೆ ಬಂದು ತಾಯಿತಂದೆಗಳನ್ನು ಕೂಡಿದ್ದು 1857ರಲ್ಲಿ. ತೊಡೆಯ ಮೇಲಿಂದ ಇಳಿದು ಹೋದ ಕೂಸು ಹರೆಯದ ಹುಡುಗಿಯಾಗಿ ಬಂದಿತು. ಹತ್ತು ವರುಷ ಕಾಗದದ ಮೇಲೆ ನಡೆದ ಪ್ರೀತಿಯನ್ನು ಮತ್ತೆ ಮಾತಿನಲ್ಲಿ ಹುಡುಕಬೇಕಾಗಿರುವದು ಸಣ್ಣ ಸಂಕಟವಲ್ಲ. ನಮ್ಮಲ್ಲಿಯೂ ದುಡಿಯಲು ಹೋದವರು ಮಕ್ಕಳನ್ನು ಮುದುಕರ ಬಳಿ ಬಿಟ್ಟು ಹೋಗುತ್ತಾರಷ್ಟೆ. ಬಡತನವು ಹಾಗೆ ಮಾಡಿಸುವದು, ದೂಷಿಸಲಾಗದು; ಆದರೆ ಹಣದ ಲೆಕ್ಕ ಬರೆಯುವಾಗ ಈ ಖರ್ಚನ್ನೂ ಬರೆಯಬೇಕು.

4. ಎರಡು ಸಾರಿ ಪರದೇಶಿ

ಆರೋಗ್ಯ ಕೆಟ್ಟು ಅಯ್ಯನವರು 1859ರಲ್ಲಿಯೂ, ಅಮ್ಮನವರು ಮರುವರುಷವೂ ಹಿಂದುಸ್ತಾನವನ್ನು ಬಿಟ್ಟರು. ಜರ್ಮನಿಯ ಕಾಲ್ವ್ ಎಂಬ ಚಿಕ್ಕ ಪಟ್ಟಣದಲ್ಲಿ ನೆಲಸಿದರು. ಗಂಡನು ಸ್ವದೇಶಕ್ಕೆ ಮುಟ್ಟಿದನು. ಹೆಂಡತಿಗಾದರೋ ಅದು ಮತ್ತೊಂದು ಪರದೇಶವೇ. ಐವತ್ತು ದಾಟಿದ ಮೇಲೆ ಜರ್ಮನ್ ಮಾತಿನ ನೆರೆಹೊರೆಯಲ್ಲಿ ಪುನಃ ಮೊದಲಿನಿಂದ ಆರಂಭಿಸಬೇಕಾಯಿತು. ಅಲ್ಲಿಯೇ 1885ರಲ್ಲಿ ತೀರಿಕೊಂಡರು. ಮರಿಯಳು ಮಂಗಳೂರಿನಲ್ಲಿ ಸೇವೆಮಾಡಿ ಹಿಂತಿರುಗಿದ್ದ ಯೋಹಾನ್ನೆಸ್ ಹೆಸ್ಸೆಯವರನ್ನು 1874ರಲ್ಲಿ ಮದುವೆಯಾದಳು. 1946ರಲ್ಲಿ ನೋಬೆಲ್ ಬಹುಮಾನ ಪಡೆದ ಗ್ರಂಥಕರ್ತನಾದ ಹೆರ್ಮನ್ ಹೆಸ್ಸೆಯು ಇವರ ಮಗನು.

5. ಮಂಗಳೂರಿನ ಗಂಡ, ಜರ್ಮನಿಯ ಹೆಂಡತಿ

ಎರಡನೆಯ ದಂಪತಿಗಳ ಸ್ಥಿತಿ ಬೇರೆ. ಮಂಗಳೂರಿನ ಬ್ರಾಹ್ಮಣ ಕುಲದಲ್ಲಿ 1825ರಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿದರು. ಮೊದಲ ಹೆಂಡತಿಯಾದ ಲಕ್ಷ್ಮಿಯು ಅವರೊಡನೆ ಬಾಳಲು ಬರಲಿಲ್ಲ. 1846ರಿಂದ 1851ರ ವರೆಗೆ ಬಾಸೆಲಿನಲ್ಲಿ ಓದಿ ಬೋಧಕರಾಗಿ ಮರಳಿದರು. 1860ರಲ್ಲಿ ಮರಿಯ ರೈನ್‌ಹಾರ್ಟ್ ಎಂಬ ಜರ್ಮನ್ ಸ್ತ್ರೀಯನ್ನು ವಿವಾಹವಾದರು. ಗಂಡನು ಸ್ವದೇಶದಲ್ಲಿರುವಾಗ ಪರದೇಶದ ಹೆಂಡತಿಗೆ ಅತ್ತೆ, ನಾದಿನಿ, ನೆಂಟರು ದಾರಿ ತೋರಿಸಬೇಕಲ್ಲವೇ? ಆದರೆ ಜಾತಿ ಬಿಟ್ಟವನಿಗೆ ಹುಟ್ಟಿದ ಮನೆಯ ಬಾಗಿಲು ಮುಚ್ಚಿತ್ತು. ಆಕೆಯು ಹೊಸಬಳು, ಆತನು ಹೊರಗಿನವನು; ಇಬ್ಬರೂ ಹೊಸದಾಗಿ ನಂಟು ಕಟ್ಟಬೇಕಾಯಿತು. ಮಂಗಳೂರಿನಲ್ಲಿಯೂ ಕೊಡಗಿನ ಆನಂದಪುರದಲ್ಲಿಯೂ ದುಡಿದ ಕೌಂಡಿನ್ಯರು 1893ರಲ್ಲಿ ತೀರಿಕೊಂಡರು.

6. ನಮಗೆ ಉಪದೇಶ

ಹೊಸ ಊರಿಗೆ ಹೋದವರು ಅಲ್ಲಿಯ ಮಾತನ್ನು ಬೇಗ ಕಲಿಯಲಿ. ಹೆಂಗಸರಿಗೂ ಹೊರಗಿನ ಕೆಲಸವೂ ಸಂಗಡವೂ ಇರಲಿ. ದಂಪತಿಗಳಲ್ಲಿ ಯಾರಿಗೆ ಆ ನೆಲವು ಹೆಚ್ಚು ಪರವೋ ಅವರ ಭಾರವನ್ನು ಮತ್ತೊಬ್ಬರು ಅರಿಯಲಿ. ಬಂದ ಸೊಸೆಯ ಮಾತು ತಪ್ಪಿದರೆ ನಗಬೇಡಿರಿ. ಆಕೆ ಎರಡು ಭಾಷೆಯವಳು, ನಗುವವರು ಒಂದೇ ಭಾಷೆಯವರು.

ವಿಚಾರಿಸತಕ್ಕ ಪ್ರಶ್ನೆಗಳು:

1. ಗುಂಡರ್ಟ್ ಅಯ್ಯನವರು ಮೊದಲು ಕಲಿತ ಭಾಷೆಗಳು ಯಾವವು? ಬೇಕಾದವು ಯಾವವು?
2. ಜೂಲಿ ಅಮ್ಮನವರು ಎರಡು ಸಾರಿ ಪರದೇಶಿಯಾದದ್ದು ಹೇಗೆ?
3. ನಮ್ಮ ಓಣಿಯಲ್ಲಿ ಹೊರಗಿನಿಂದ ಬಂದು ನೆಲಸಿದವರು ಯಾರು? ಈ ವಾರ ಅವರ ಮನೆಗೆ ಹೋಗತಕ್ಕವರು ಯಾರು?