ಓಡಿದ್ದು ನಾಯಿಯೋ, ಬೆಕ್ಕೋ? ಇಂಗ್ಲಿಷ್ ವಾಕ್ಯರಚನೆಯ ಒಂದು ತೊಡಕು

ಬೋಧನಾಭ್ಯಾಸದ ಎರಡನೆಯ ವಾರ. ಎಂಟನೆಯ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ‘ದ ಡಾಗ್ ದಟ್ ಚೇಸ್ಡ್ ದ ಕ್ಯಾಟ್ ರ್‍ಯಾನ್ ಅವೇ’ ಎಂದು ಬರೆದು, ಓಡಿಹೋದದ್ದು ಯಾವುದು ಎಂದು ಕೇಳಿದೆ. “ಬೆಕ್ಕು ಮೇಡಂ” ಎಂದು ಇಡೀ ತರಗತಿ ಕೂಗಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ “ನಾಯಿ” ಎಂದಳು. ಎಲ್ಲರೂ ನಕ್ಕರು. ಪಾಠಯೋಜನೆಯಲ್ಲಿ ಆ ಹಂತಕ್ಕೆ ಇದ್ದದ್ದು ಐದೇ ನಿಮಿಷ. “ಆಯ್ತು, ಮುಂದೆ ನೋಡೋಣ” ಎಂದುಬಿಟ್ಟೆ. ಆಕೆ ಆ ಅವಧಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: ‘ಸರಿಯುತ್ತರ ಹೇಳಿದವಳು ತಲೆತಗ್ಗಿಸಿ ಕುಳಿತಳು.’

ಆ ವಾಕ್ಯದ ಒಂದೊಂದು ಪದದ ಅರ್ಥವೂ ಮಕ್ಕಳಿಗೆ ಗೊತ್ತಿತ್ತು. ತೊಡಕು ಇದ್ದದ್ದು ಪದಗಳ ಜಾಗದಲ್ಲಿ. ಕನ್ನಡದಲ್ಲಿ ‘ಬೆಕ್ಕನ್ನು ಅಟ್ಟಿಸಿಕೊಂಡು ಬಂದ ನಾಯಿ ಓಡಿಹೋಯಿತು’ ಎನ್ನುತ್ತೇವೆ. ವಿವರಣೆಯೆಲ್ಲ ನಾಮಪದದ ಹಿಂದೆಯೇ ಮುಗಿದು, ‘ನಾಯಿ’ ತನ್ನ ಕ್ರಿಯಾಪದದ ಪಕ್ಕಕ್ಕೇ ಬರುತ್ತದೆ. ಜೊತೆಗೆ ‘ಅನ್ನು’ ಪ್ರತ್ಯಯ ಬೆಕ್ಕಿನ ಪಾತ್ರವನ್ನು ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ವಿವರಣೆ ನಾಮಪದದ ಮುಂದೆ ಬಂದು, ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಕೂರುತ್ತದೆ. ಕ್ರಿಯಾಪದದ ಪಕ್ಕ ಉಳಿಯುವುದು ಯಾವ ಪ್ರತ್ಯಯವೂ ಇಲ್ಲದ ಬೆಕ್ಕು. ‘ದ ಕ್ಯಾಟ್ ರ್‍ಯಾನ್ ಅವೇ’ ತಾನೇ ಒಂದು ಪೂರ್ಣ ವಾಕ್ಯದಂತೆ ಕಂಡರೆ ಮಕ್ಕಳದೇನು ತಪ್ಪು? ‘ದ ಬಾಸ್ಕೆಟ್ ಆಫ್ ಮ್ಯಾಂಗೋಸ್ ಆರ್ ಹೆವಿ’ ಎಂದು ಪದವಿ ತರಗತಿಯಲ್ಲಿ ನಾನೇ ಬರೆದಿದ್ದೇನೆ. ಅಲ್ಲಿ ‘ಈಸ್’ ಇರಬೇಕಿತ್ತು. ಅದೂ ಇದೇ ನೆರೆಮನೆಯ ಮೋಸ.

ಮರುದಿನ ಮೊದಲು ಹೇಳಿದ್ದು, “ನಿನ್ನೆ ನಾಯಿ ಎಂದವಳದೇ ಸರಿ, ಬಿಟ್ಟು ಮುಂದೆ ಹೋದದ್ದು ನನ್ನ ತಪ್ಪು.” ಹೇಗೆ ಗೊತ್ತಾಯಿತು ಎಂದು ಆಕೆಯನ್ನು ಕೇಳಿದೆ. “ನಮ್ಮನೆ ಬೆಕ್ಕು ತಿರುಗಿ ನಿಂತ್ರೆ ನಾಯೀನೇ ಓಡುತ್ತೆ ಮೇಡಂ.”

ನಾನು ತಬ್ಬಿಬ್ಬಾದೆ. ಸರಿಯುತ್ತರವೂ ವ್ಯಾಕರಣದಿಂದ ಬಂದಿರಲಿಲ್ಲ! ನಾಯಿ-ಬೆಕ್ಕಿನ ವಾಕ್ಯ ಪರೀಕ್ಷಿಸಿದ್ದು ಮಕ್ಕಳ ಲೋಕಾನುಭವವನ್ನು. ಹಾಗಾಗಿ ಊಹೆಗೆ ಎಡೆಯಿಲ್ಲದ ವಾಕ್ಯ ಬರೆದೆ: ‘ದ ಟೀಚರ್ ಹೂ ಕಾಲ್ಡ್ ದ ಗರ್ಲ್ ಸ್ಮೈಲ್ಡ್’. ಇಲ್ಲಿ ಯಾರು ಬೇಕಾದರೂ ನಗಬಹುದು. ಎರಡು ಕ್ರಿಯಾಪದಗಳ ಕೆಳಗೆ ಗೆರೆ ಎಳೆಸಿ, ‘ಕರೆದವರು ಯಾರು? ನಕ್ಕವರು ಯಾರು?’ ಎಂದು ಬೇರೆಬೇರೆಯಾಗಿ ಕೇಳಿದೆ. ‘ಹೂ’ದಿಂದ ‘ಗರ್ಲ್’ವರೆಗಿನ ಪದಗಳನ್ನು ಒಂದು ರಟ್ಟಿನ ಪಟ್ಟಿಯಿಂದ ಮುಚ್ಚಿದೆ. ಉಳಿದದ್ದನ್ನು ಓದಿದ ಮೇಲೆ ‘ಹುಡುಗಿಯನ್ನು ಕರೆದ ಶಿಕ್ಷಕಿ ನಕ್ಕರು’ ಎಂದು ಕನ್ನಡದಲ್ಲಿ ಬರೆಸಿದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬೇಡ ಎಂಬ ಮಾತನ್ನು ಇಲ್ಲಿ ಬೇಕೆಂದೇ ಮೀರಿದೆ. ಎರಡು ಭಾಷೆಗಳ ಜೋಡಣೆ ಅಕ್ಕಪಕ್ಕ ಕಾಣದೆ ಈ ಗಂಟು ಬಿಡುವುದಿಲ್ಲ.

ಕೊನೆಗೆ ಉತ್ಸಾಹದಲ್ಲಿ ‘ದ ಗರ್ಲ್ ದ ಟೀಚರ್ ಕಾಲ್ಡ್ ಸ್ಮೈಲ್ಡ್’ ಎಂಬುದನ್ನೂ ಕೊಟ್ಟೆ. ಅಲ್ಲಿ ‘ಹೂಮ್’ ಮಾಯವಾಗಿರುವುದರಿಂದ ಪಟ್ಟಿಯನ್ನು ಎಲ್ಲಿಂದ ಇಡಬೇಕೆಂದೇ ಮಕ್ಕಳಿಗೆ ತಿಳಿಯಲಿಲ್ಲ. ಸರಿಯಾಗಿ ಮುಚ್ಚಿದವರು ಮೂವರು. ಹಿಂದಿನ ಬೆಂಚಿನವಳೂ ಅವರಲ್ಲಿ ಒಬ್ಬಳು. ಈ ಸಲ ಬೆಕ್ಕಿನ ನೆರವಿರಲಿಲ್ಲ.